ಕಾವಲಿಗೆ ಬಂದ ಕಳ್ಳ

ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದ ಗುಮಾಸ್ತರಿಗೆ ಮೋಸವೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚೀಲದ ಬಾಯಲ್ಲಿ ಒಳ್ಳೆಯ ಉಂಡೆ ಕೊಬ್ಬರಿ ಜೋಡಿಸಿ, ತಳಕ್ಕೆ ಬೂಷ್ಟು ಹಿಡಿದದ್ದನ್ನು ತುಂಬುವ ಜಾಣರನ್ನು ಅವರು ಕಂಡಿದ್ದರು. ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತುವವರ ಕಥೆಗಳು ಅವರಿಗೆ ಬಾಯಿಪಾಠವಾಗಿದ್ದವು. "ತೂಕ ಹಾಕೋನ ಕೈ ನೋಡಬೇಡ, ಕಣ್ಣು ನೋಡು" ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಬುದ್ಧಿ ಹೇಳುತ್ತಿದ್ದವರೂ ಅವರೇ. ಅಂಥವರು 2021ರ ಸೆಪ್ಟೆಂಬರಿನ ಒಂದು ರಾತ್ರಿ, ಸ್ವಂತ ಮನೆಯ ನಡುಮನೆಯಲ್ಲಿ ಕಾಲು ಚಾಚಿ ಕುಳಿತು, ಸಲೀಸಾಗಿ ಮೋಸಹೋದರು. ಮೋಸಹೋದದ್ದು ಗೊತ್ತಾಗಲು ದೀಪಾವಳಿ ಬರಬೇಕಾಯಿತು. ಅಷ್ಟರೊಳಗೆ ಅದರ ದಂಡ ತೆತ್ತವಳು ಅವರ ಮಗಳು.

ಮನೆಯಲ್ಲಿದ್ದುದು ಒಂದು ಹಳೆಯ ಲ್ಯಾಪ್‌ಟಾಪು. 2020ರಲ್ಲಿ ಕೊರೊನಾ ಬಂದು ಶಾಲೆ ಕಾಲೇಜುಗಳಿಗೆ ಬೀಗ ಬಿದ್ದಾಗ, ಮಂಡಿಯ ಸಾಹುಕಾರರಲ್ಲಿ ಮುಂಗಡ ಕೇಳಿ, ಯಾರೋ ಬಳಸಿ ಬಿಟ್ಟದ್ದನ್ನು ಕೊಂಡುತಂದಿದ್ದರು. ಮರುವರ್ಷ ಕಾಲೇಜು ತೆರೆಯಿತಾದರೂ ಎರಡನೇ ಪಿಯುಸಿ ವಿಜ್ಞಾನದಲ್ಲಿದ್ದ ಮಗಳಿಗೆ ಸಂಜೆಯ ಸಿಇಟಿ ಪಾಠಗಳೆಲ್ಲ ಅದರಲ್ಲೇ ನಡೆಯುತ್ತಿದ್ದವು. ಅವಳು ಪುಸ್ತಕ ಮುಚ್ಚಿ ಮಲಗಿದ ಮೇಲೆ ಗುಮಾಸ್ತರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಧಾರಣೆ ನೋಡುವರು. ಆಮೇಲೆ ಒಂದೆರಡು ಹಳೆಯ ಚಿತ್ರಗೀತೆ ಕೇಳುವರು. ಅವರಿಗೆ ಗೊತ್ತಿದ್ದ ಕಂಪ್ಯೂಟರು ಅಷ್ಟೇ.

ಆ ರಾತ್ರಿ ಹಾಡು ಹುಡುಕುತ್ತ ಯಾವುದೋ ಪುಟದಿಂದ ಯಾವುದೋ ಪುಟಕ್ಕೆ ಹೋದಾಗ ಪರದೆ ಇದ್ದಕ್ಕಿದ್ದಂತೆ ಕೆಂಪಾಯಿತು. ಕಂಪ್ಯೂಟರಿಗೆ ಐದು ವೈರಸ್ ತಗುಲಿವೆ, ಕಡತಗಳೆಲ್ಲ ಅಪಾಯದಲ್ಲಿವೆ ಎಂಬ ಇಂಗ್ಲಿಷ್ ಬರಹ. ಪಕ್ಕದಲ್ಲಿ ಒಂದೊಂದೇ ಸೆಕೆಂಡು ಕಡಿಮೆಯಾಗುತ್ತಿದ್ದ ಗಡಿಯಾರ. ಗುಮಾಸ್ತರ ಎದೆ ಧಸಕ್ಕೆಂದಿತು. ಮಗಳ ಟಿಪ್ಪಣಿಗಳೆಲ್ಲ ಅದರಲ್ಲೇ ಇದ್ದವಲ್ಲ! ಅದೇ ಪುಟದ ಕೆಳಗೆ ಪರಿಹಾರವೂ ಸಿದ್ಧವಾಗಿತ್ತು: ಗುರಾಣಿಯ ಚಿತ್ರ, ಬ್ರೌಸರನ್ನು ಕಾಪಾಡುವ ಉಚಿತ ತಂತ್ರಾಂಶ, ಒಂದು ಹಸಿರು ಗುಂಡಿ. ಒತ್ತಿದರು. ಸೇರಿಸಲೇ ಎಂದು ಬ್ರೌಸರು ಕೇಳಿತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು. ಓದುವ ವ್ಯವಧಾನ ಯಾರಿಗಿತ್ತು? ಅದನ್ನೂ ಒತ್ತಿದರು. ಪರದೆಯ ಮೂಲೆಯಲ್ಲಿ ಪುಟ್ಟ ಗುರಾಣಿಯೊಂದು ಬಂದು ಕುಳಿತಿತು. ಮಲಗುವ ಮುನ್ನ ಹೆಂಡತಿಗೆ ಹೇಳಿದರು: "ಮಗು ಓದೋ ಯಂತ್ರ ಕಣೇ. ಒಂದು ಬೀಗ ಹಾಕಿಟ್ಟೆ."

ಮೊದಲ ಹತ್ತು ಹನ್ನೆರಡು ದಿನ ಏನೂ ಆಗಲಿಲ್ಲ. ಇಂಥ ತಂತ್ರಾಂಶಗಳಲ್ಲಿ ಕೆಲವು ಬೇಕೆಂದೇ ಕೆಲವು ದಿನ ತೆಪ್ಪಗಿರುತ್ತವೆ. ಮನೆಗೆ ಬಂದ ದಿನವೇ ಪಾತ್ರೆ ಕಾಣೆಯಾದರೆ ಹೊಸಬರ ಮೇಲೆ ಅನುಮಾನ ಬರುವುದಿಲ್ಲವೇ? ಆಮೇಲೆ ಶುರುವಾಯಿತು. ಧಾರಣೆಯ ಪಕ್ಕದಲ್ಲಿ ರಮ್ಮಿ ಆಟದ ಜಾಹೀರಾತು. ಪಾಠದ ಪುಟದ ನಡುವೆ ಸಾಲದ ಜಾಹೀರಾತು. ಒಂದು ಸಂಜೆ ಮಗಳ ಹಿಂದೆ ನಿಂತು ನೋಡುತ್ತಿದ್ದಾಗ, ಅರೆಬರೆ ಬಟ್ಟೆಯ ಹೆಣ್ಣೊಬ್ಬಳ ಚಿತ್ರ ಬಂದು, ಹತ್ತಿರದಲ್ಲಿರುವವರ ಜೊತೆ ಮಾತಾಡಲು ಇಲ್ಲಿ ಒತ್ತಿ ಎಂದು ಕರೆಯಿತು.

"ಏನಮ್ಮಾ ಇದು?"

"ನಂಗೊತ್ತಿಲ್ಲಪ್ಪಾ, ತಾನಾಗೇ ಬರುತ್ತೆ."

"ತಾನಾಗೇ ಬರೋಕೆ ಅದೇನು ಮಳೇನಾ?"

ಅನುಮಾನಕ್ಕೆ ಆಧಾರವೂ ಅವರ ಬಳಿ ಇತ್ತು. ಇಂಟರ್ನೆಟ್ಟಿನಲ್ಲಿ ಯಾರು ಏನನ್ನು ಹುಡುಕುತ್ತಾರೋ ಅವರಿಗೆ ಅದೇ ಜಾಹೀರಾತು ಬೆನ್ನು ಹತ್ತುತ್ತದೆ ಎಂದು ಮಂಡಿಯಲ್ಲಿ ಯಾರೋ ಹೇಳಿದ್ದರು. ಚಪ್ಪಲಿ ನೋಡಿದವನಿಗೆ ವಾರವಿಡೀ ಚಪ್ಪಲಿ. ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಆ ಅರ್ಧ ಸತ್ಯವನ್ನು ಹಿಡಿದು ಗುಮಾಸ್ತರು ಪೂರ್ತಿ ಲೆಕ್ಕ ಬರೆದುಬಿಟ್ಟರು. ಇಂಥ ಜಾಹೀರಾತು ಬರುತ್ತಿದೆ ಎಂದರೆ ಹುಡುಗಿ ಇಂಥದ್ದನ್ನೇ ನೋಡುತ್ತಿದ್ದಾಳೆ. ಅಕ್ಟೋಬರ್ ನಡುವಿನಲ್ಲಿ ಲ್ಯಾಪ್‌ಟಾಪು ಬೀರುವಿನೊಳಗೆ ಹೋಯಿತು. ಕೀಲಿಕೈ ಅವರ ಜನಿವಾರದಂತೆ ಮೈಮೇಲೇ ಇರತೊಡಗಿತು.

ಮಗಳು ಮೊದಲೆರಡು ದಿನ ಅತ್ತಳು. ಮೂರನೆಯ ದಿನ ವಾದ ಮಾಡಿದಳು. ಆಮೇಲೆ ಏನೂ ಮಾಡಲಿಲ್ಲ. ಊಟಕ್ಕೆ ಕರೆದರೆ ಬಂದಳು, ಬಡಿಸಿದ್ದನ್ನು ತಿಂದಳು, ತಟ್ಟೆ ತೊಳೆದಿಟ್ಟು ಹೋದಳು. ವಾರಕ್ಕೊಂದರಂತೆ ನಡೆಯುತ್ತಿದ್ದ ಮೂರು ಮಾದರಿ ಪರೀಕ್ಷೆಗಳು ತಪ್ಪಿದವು. ಅದನ್ನೂ ಅವಳು ಹೇಳಲಿಲ್ಲ; ಸ್ನೇಹಿತೆಯ ತಾಯಿ ತರಕಾರಿ ಅಂಗಡಿಯಲ್ಲಿ ಸಿಕ್ಕಾಗ ಹೇಳಿದರು. ಆ ರಾತ್ರಿ ಹೆಂಡತಿ ಸುಮ್ಮನಿರಲಾರದೆ ಕೇಳಿದರು: "ಮಂಡೀಲಿ ಬಂದವರದ್ದೆಲ್ಲ ಕಣ್ಣು ನೋಡ್ತೀರಂತೆ. ಮಗಳ ಕಣ್ಣು ಒಂದ್ಸಲ ನೋಡ್ರೀ." ಗುಮಾಸ್ತರು ಮಗ್ಗುಲು ಬದಲಿಸಿದರು. ತಪ್ಪು ಮಾಡಿದವರೇ ಕಣ್ಣು ತಪ್ಪಿಸುವುದು ಎಂದು ಅವರು ನಂಬಿದ್ದರು. ಅವಮಾನವಾದವರೂ ಕಣ್ಣು ತಪ್ಪಿಸುತ್ತಾರೆಂಬುದು ಆಗ ಹೊಳೆಯಲಿಲ್ಲ.

ದೀಪಾವಳಿಗೆ ಅಕ್ಕನ ಮಗ ಬಂದ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಹಬ್ಬದ ದಿನ ಮನೆಯೊಳಗೆ ಪಟಾಕಿಯೂ ಇಲ್ಲ, ಮಾತೂ ಇಲ್ಲ. ವಿಷಯವೇನೆಂದು ಅತ್ತೆಯಿಂದ ತಿಳಿದುಕೊಂಡು, "ಮಾವ, ಒಂದ್ಸಲ ಆ ಲ್ಯಾಪ್‌ಟಾಪ್ ಕೊಡಿ ನೋಡೋಣ" ಎಂದ. ಬೀರು ತೆರೆಯಿತು.

ಅವನು ತೆರೆದದ್ದು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಾಣವನ್ನು. ಪ್ರಕಟಣೆಗಳ ಪಕ್ಕದಲ್ಲೇ ರಮ್ಮಿ ಎಲೆಗಳು ಉದುರತೊಡಗಿದವು.

"ಸರ್ಕಾರಿ ಪರೀಕ್ಷೆಯ ತಾಣದಲ್ಲಿ ಇಸ್ಪೀಟಿನ ಜಾಹೀರಾತು ಯಾಕೆ ಬರುತ್ತೆ ಮಾವ?"

ಗುಮಾಸ್ತರಲ್ಲಿ ಉತ್ತರವಿರಲಿಲ್ಲ. ಹುಡುಗ ತನ್ನ ಫೋನಿನಲ್ಲಿ ಅದೇ ಪುಟ ತೆರೆದು ಪಕ್ಕದಲ್ಲಿಟ್ಟ. ಅಲ್ಲಿ ಇಸ್ಪೀಟಿಲ್ಲ. ಹಾಗಾದರೆ ಜಾಹೀರಾತು ಆ ತಾಣದಿಂದ ಬಂದದ್ದಲ್ಲ, ಈ ಯಂತ್ರದೊಳಗಿನಿಂದಲೇ ಯಾರೋ ಅಂಟಿಸುತ್ತಿದ್ದಾರೆ. ಅವನು ಬ್ರೌಸರಿನ ಎಕ್ಸ್‌ಟೆನ್ಶನ್‌ಗಳ ಪಟ್ಟಿ ತೆರೆದ. ಅದರಲ್ಲಿ ಇದ್ದುದು ಒಂದೇ ಒಂದು.

"ಈ ಗುರಾಣಿ ಯಾರು ಹಾಕಿದ್ದು?"

"ನಾನೇ ಕಣಪ್ಪಾ," ಎಂದರು ಗುಮಾಸ್ತರು, ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ವೈರಸ್ ಬಂದಿತ್ತು. ಅದಕ್ಕೆ ಹಾಕಿದೆ."

ಹುಡುಗ ಏನೂ ಹೇಳಲಿಲ್ಲ. ಗುರಾಣಿಯನ್ನು ಆರಿಸಿ ಪುಟವನ್ನು ಮತ್ತೆ ತೆರೆದ: ಜಾಹೀರಾತಿಲ್ಲ. ಹೊತ್ತಿಸಿ ತೆರೆದ: ಎಲೆಗಳು ಉದುರಿದವು. ಆರಿಸಿದ: ಇಲ್ಲ. ಹೀಗೆ ಮೂರು ಬಾರಿ. ಮೂರನೆಯ ಬಾರಿಗೆ ಗುಮಾಸ್ತರು ಗೋಡೆಗೊರಗಿ ಕುಳಿತರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೆಲ್ಲಗೆ ಅಂದರು: "ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು." ಮಗಳು ಅಲ್ಲೇ ಇದ್ದಳು. ಏನೂ ಮಾತಾಡಲಿಲ್ಲ.

ಹುಡುಗ ವಿವರಿಸತೊಡಗಿದ. ಬ್ರೌಸರಿನಲ್ಲಿ ತೆರೆದ ಮಾತ್ರಕ್ಕೆ ಒಂದು ಪುಟ ಕಂಪ್ಯೂಟರಿನ ಕಡತಗಳನ್ನು ತಪಾಸಣೆ ಮಾಡಲಾರದು. ಹಾಗೆ ಇಣುಕದಂತೆಯೇ ಬ್ರೌಸರನ್ನು ಕಟ್ಟಿರುತ್ತಾರೆ. ಆದ್ದರಿಂದ "ಐದು ವೈರಸ್ ಸಿಕ್ಕಿವೆ" ಎಂಬುದು ತಪಾಸಣೆಯ ಫಲವಲ್ಲ, ಬರೆದಿಟ್ಟ ಬೋರ್ಡು. ಆ ಪುಟ ಯಾರು ತೆರೆದರೂ ಐದೇ ವೈರಸ್. ನಿಜವಾದ ಅಪಾಯ ಬಂದದ್ದು ಹಸಿರು ಗುಂಡಿ ಒತ್ತಿದ ಮೇಲೆ. ಅಂದು ಸಣ್ಣ ಅಕ್ಷರದಲ್ಲಿ ಇದ್ದುದೇನೆಂದರೆ, ಭೇಟಿ ಕೊಡುವ ಎಲ್ಲ ತಾಣಗಳಲ್ಲಿರುವ ಎಲ್ಲ ಮಾಹಿತಿಯನ್ನು ಓದಲು ಮತ್ತು ಬದಲಾಯಿಸಲು ಈ ತಂತ್ರಾಂಶಕ್ಕೆ ಅನುಮತಿ ಕೊಡುತ್ತೀರಾ ಎಂಬ ಪ್ರಶ್ನೆ.

ಓದಲು ಮತ್ತು ಬದಲಾಯಿಸಲು. ಈ ಎರಡು ಪದಗಳಲ್ಲಿ ಎಲ್ಲವೂ ಇದೆ. ಮನೆಗೆ ಬರುವ ಪ್ರತಿ ಕಾಗದವನ್ನೂ ತೆರೆದು ಓದಿ, ಒಳಗೆ ತನ್ನದೊಂದು ಕರಪತ್ರ ಸೇರಿಸಿ ಕೈಗಿಡುವ ಆಳೊಬ್ಬನನ್ನು ನೇಮಿಸಿಕೊಂಡಂತೆ. ವಿಳಾಸದ ಪಕ್ಕದಲ್ಲಿ ಕಾಣುವ ಭದ್ರತೆಯ ಗುರುತೂ ಇಲ್ಲಿ ನೆರವಿಗೆ ಬಾರದು. ಅದು ಕಾಗದವನ್ನು ದಾರಿಯಲ್ಲಿ ಕಾಪಾಡುತ್ತದೆ. ಲಕೋಟೆ ಒಡೆಯುವುದು ಮನೆಯೊಳಗೆ, ಆಳು ನಿಂತಿರುವುದೂ ಮನೆಯೊಳಗೆ.

"ಇದರಿಂದ ಅವರಿಗೇನು ಲಾಭ? ಉಚಿತ ಅಂತ ಕೊಟ್ಟಿದ್ರಲ್ಲ?" ಗುಮಾಸ್ತರ ವ್ಯಾಪಾರದ ಬುದ್ಧಿ ಆಗ ಎಚ್ಚೆತ್ತಿತು.

ಲಾಭ ದಲ್ಲಾಳಿಯದು. ಅದೇ ಅಕ್ಟೋಬರಿನಲ್ಲಿ ಇಂಪರ್ವಾ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಇಂಥದ್ದೇ ಒಂದನ್ನು ಬಯಲಿಗೆಳೆದಿದ್ದರು. ಹೆಸರು ಆಲ್‌ಬ್ಲಾಕ್. ಕ್ರೋಮ್ ಮತ್ತು ಒಪೆರಾ ಬ್ರೌಸರುಗಳಿಗೆ ಸಿಗುತ್ತಿದ್ದ ಅದು ಜಾಹೀರಾತುಗಳನ್ನು ತಡೆಯುತ್ತೇನೆಂದು ಹೇಳಿಕೊಂಡು ಒಳಸೇರುತ್ತಿತ್ತು. ಬಳಿಕ ತೆರೆದ ಪುಟದಲ್ಲಿರುವ ಕೊಂಡಿಗಳ ಪಟ್ಟಿಯನ್ನು ದೂರದ ಯಂತ್ರವೊಂದಕ್ಕೆ ಕಳಿಸುತ್ತಿತ್ತು. ಯಾವುದನ್ನು ಬದಲಾಯಿಸಬೇಕೆಂಬ ಆದೇಶ ಅಲ್ಲಿಂದ ಬರುತ್ತಿತ್ತು. ಬಳಸುವವನು ಒತ್ತುವುದು ತನಗೆ ಬೇಕಾದ ಕೊಂಡಿಯನ್ನು, ಹೋಗುವುದು ಅವರು ಒಡ್ಡಿದ ದಾರಿಯಲ್ಲಿ. ಅಲ್ಲಿ ಏನಾದರೂ ಕೊಂಡರೆ, ಹೆಸರು ನೋಂದಾಯಿಸಿದರೆ, ದಲ್ಲಾಳಿ ಹಣ ಅವರಿಗೆ. ಜಾಹೀರಾತು ತಡೆಯುವವನ ವೇಷದಲ್ಲೇ ಜಾಹೀರಾತಿನವನು!

ಇದು ಮೊದಲನೆಯದೂ ಅಲ್ಲ. 2018ರ ಏಪ್ರಿಲ್‌ನಲ್ಲಿ ಆಡ್‌ಗಾರ್ಡ್ ಸಂಸ್ಥೆಯವರು ಗೂಗಲ್ಲಿನ ಅಧಿಕೃತ ಅಂಗಡಿಯಲ್ಲೇ ಐದು ನಕಲಿ ಜಾಹೀರಾತು ತಡೆಗಳನ್ನು ಗುರುತಿಸಿದರು. ಪ್ರಾಮಾಣಿಕವಾಗಿ ಕೆಲಸ ಮಾಡುವ ತಂತ್ರಾಂಶವನ್ನು ಹಾಗೆಯೇ ನಕಲು ಮಾಡಿ, ತಮ್ಮದೊಂದಿಷ್ಟು ಸಾಲು ಸೇರಿಸಿ, ಹೋಲುವ ಹೆಸರಿಟ್ಟು ಮಾರಾಟಕ್ಕಿಟ್ಟಿದ್ದರು. ಅವುಗಳನ್ನು ಸೇರಿಸಿಕೊಂಡವರು ಒಟ್ಟು ಎರಡು ಕೋಟಿಗೂ ಹೆಚ್ಚು. ಅಂಥ ಒಂದರಲ್ಲಿ ದೂರದಿಂದ ಬರುವ ಆಜ್ಞೆಗಳನ್ನು ನಿರುಪದ್ರವಿಯಂತೆ ಕಾಣುವ ಚಿತ್ರವೊಂದರೊಳಗೆ ಅಡಗಿಸಿದ್ದರು. ವಿಷಯ ಹೊರಬಿದ್ದ ಮೇಲೆ ಗೂಗಲ್ ಅವನ್ನು ತೆಗೆದುಹಾಕಿತು. ಬಾಯಲ್ಲಿ ಒಳ್ಳೆಯ ಕೊಬ್ಬರಿ, ತಳದಲ್ಲಿ ಬೂಷ್ಟು. ಅಂಗಡಿ ದೊಡ್ಡದೆಂದು ಚೀಲ ಸುರಿದು ನೋಡದಿರುವಂತಿಲ್ಲ.

ಹೆಸರುವಾಸಿಯಾದವರನ್ನಾದರೂ ನಂಬಬಹುದೇ? ವೈರಸ್ ತಡೆಗೆ ಲೋಕಪ್ರಸಿದ್ಧವಾದ ಅವಾಸ್ಟ್ ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರುವರಿಯಲ್ಲಿ ಆರೋಪ ಹೊರಿಸಿತು. ಹಿಂಬಾಲಿಸುವವರಿಂದ ಕಾಪಾಡುತ್ತೇವೆಂದು ಹೇಳಿ, ಬ್ರೌಸರಿಗೆ ಸೇರಿಸುವ ತಂತ್ರಾಂಶಗಳ ಮೂಲಕ ಜನರು ಎಲ್ಲೆಲ್ಲಿ ಹೋದರೆಂಬ ವಿವರ ಸಂಗ್ರಹಿಸಿ, ಜಂಪ್‌ಶಾಟ್ ಎಂಬ ತನ್ನ ಉಪಸಂಸ್ಥೆಯ ಮುಖಾಂತರ ನೂರಕ್ಕೂ ಹೆಚ್ಚು ಮಂದಿಗೆ ಮಾರಿತೆಂಬುದು ಆರೋಪ. ಸುದ್ದಿ ಪತ್ರಿಕೆಗಳಲ್ಲಿ ಬಯಲಾದಾಗ, 2020ರ ಜನವರಿಯಲ್ಲೇ, ಜಂಪ್‌ಶಾಟ್ ಮುಚ್ಚಿತ್ತು. ಮೊಕದ್ದಮೆಯ ರಾಜಿಯಲ್ಲಿ ಕಂಪನಿ 1 ಕೋಟಿ 65 ಲಕ್ಷ ಡಾಲರ್ ಕೊಡಬೇಕಾಯಿತು.

ಇದೆಲ್ಲ ತೆರೆಯ ಮೇಲಿನ ಮಾಯೆ ಮಾತ್ರವೇ ಎಂದರೆ ಅದೂ ಅಲ್ಲ. ಅಮೆರಿಕದ ಆಫೀಸ್ ಡಿಪೋ ಅಂಗಡಿಗಳಲ್ಲಿ ಕಂಪ್ಯೂಟರಿನ ಉಚಿತ ಆರೋಗ್ಯ ತಪಾಸಣೆ ನಡೆಯುತ್ತಿತ್ತು. ಯಂತ್ರ ನಿಧಾನವೇ, ಎಚ್ಚರಿಕೆಗಳು ಬರುತ್ತಿವೆಯೇ ಎಂಬಂಥ ನಾಲ್ಕು ಪ್ರಶ್ನೆ ಮೊದಲೇ ಕೇಳುವರು. ಯಾವುದಾದರೂ ಒಂದಕ್ಕೆ ಹೌದೆಂದರೆ ಸಾಕು, ತಪಾಸಣೆ ಏನನ್ನೇ ಕಂಡಿರಲಿ, ರೋಗದ ಲಕ್ಷಣವಿದೆ ಎಂಬ ವರದಿ ಸಿದ್ಧ; ನೂರಾರು ಡಾಲರಿನ ದುರಸ್ತಿಯೂ ಸಿದ್ಧ. 2019ರ ಮಾರ್ಚಿನಲ್ಲಿ ಅದೇ ಕಮಿಷನ್‌ನೊಂದಿಗಿನ ರಾಜಿಯಂತೆ ಆ ಅಂಗಡಿಯೂ ತಂತ್ರಾಂಶ ಒದಗಿಸಿದ ಕಂಪನಿಯೂ ಸೇರಿ 3 ಕೋಟಿ 50 ಲಕ್ಷ ಡಾಲರ್ ತೆರಲು ಒಪ್ಪಿದವು.

ಗುಮಾಸ್ತರಿಗೆ ಇದನ್ನು ಅರ್ಥಮಾಡಿಸಲು ಬೇರೆ ಉಪಮೆ ಬೇಕಾಗಿರಲಿಲ್ಲ. ಮಂಡಿಯ ತಕ್ಕಡಿಗೆ ಮುದ್ರೆ ಒತ್ತಲು ಸರ್ಕಾರದ ಇಲಾಖೆಯಿದೆ. ತಕ್ಕಡಿ ಮಾರುವವನೇ ಬಂದು, "ನಿಮ್ಮ ತಕ್ಕಡಿ ಕೆಟ್ಟಿದೆ, ಅದೃಷ್ಟಕ್ಕೆ ನನ್ನ ಹತ್ತಿರ ಒಂದಿದೆ" ಎಂದರೆ ಯಾವ ವರ್ತಕನೂ ಒಪ್ಪುವುದಿಲ್ಲ. ಅಂದು ರಾತ್ರಿ ನಡೆದದ್ದು ಅದೇ. ಹೆದರಿಸಿದವನೂ ಅವನೇ, ಔಷಧಿ ಕೊಟ್ಟವನೂ ಅವನೇ, ಅದೂ ಒಂದೇ ಉಸಿರಿನಲ್ಲಿ, ಯೋಚಿಸಲು ಸಮಯ ಕೊಡದೆ. ಪ್ರಾಮಾಣಿಕ ಕಾವಲುಗಾರನೂ ಅದೇ ಕೀಲಿಕೈ ಕೇಳುತ್ತಾನೆ ನಿಜ; ಜಾಹೀರಾತು ತಡೆಯಲು ಪುಟವನ್ನು ಓದಲೇಬೇಕಲ್ಲ. ಆದರೆ ಅವನು ನಡುರಾತ್ರಿ ಗಂಟೆ ಬಾರಿಸಿ, ಎಣಿಕೆ ಶುರುಮಾಡಿ, ಈಗಲೇ ಕೊಡು ಎನ್ನುವುದಿಲ್ಲ. ಅವಸರ ಮಾಡಿಸುವವನೇ ಅನುಮಾನಕ್ಕೆ ಅರ್ಹ.

ಹುಡುಗ ಗುರಾಣಿಯನ್ನು ಕಿತ್ತು ಹಾಕಿದ. ಬದಲಾಗಿದ್ದ ಹುಡುಕು ಪುಟವನ್ನು ಮೊದಲಿನಂತೆ ಮಾಡಿದ. ಯಾವ್ಯಾವ ತಾಣಗಳಿಗೆ ಸೂಚನೆ ಕಳಿಸಲು ಅನುಮತಿ ಹೋಗಿತ್ತೋ ಅವನ್ನೆಲ್ಲ ರದ್ದು ಮಾಡಿದ. ಮೂಲೆಯಲ್ಲಿ ಆಗಾಗ ತೇಲಿಬರುತ್ತಿದ್ದ ಹುಸಿ ಎಚ್ಚರಿಕೆಗಳ ಮೂಲ ಅಲ್ಲಿತ್ತು. ವಿಂಡೋಸಿನೊಳಗೇ ಇರುವ ವೈರಸ್ ತಪಾಸಣೆಯನ್ನು ಪೂರ್ತಿ ನಡೆಸಿದ. ಬೇರೆ ದುಡ್ಡು ಕೊಟ್ಟು ಏನನ್ನೂ ತರಬೇಕಾಗಲಿಲ್ಲ. ಇನ್ನೂ ಅನುಮಾನವಿದ್ದವರಿಗೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಶುದ್ಧಿಯ ಸಾಧನಗಳು ಉಚಿತವಾಗಿ ಸಿಗುತ್ತವೆ ಎಂದೂ ಹೇಳಿದ.

"ಬ್ಯಾಂಕಿನದ್ದು?" ಗುಮಾಸ್ತರ ದನಿ ಬತ್ತಿತ್ತು. ಖಾತೆಯನ್ನು ಅವರು ಅದರಲ್ಲೇ ಎರಡು ಸಲ ನೋಡಿದ್ದರು. ಹುಡುಗ ತನ್ನ ಫೋನಿನಲ್ಲಿ ತೆರೆಸಿದ. ದುಡ್ಡು ಇತ್ತು. ಮಿಂಚಂಚೆಯದೂ ಬ್ಯಾಂಕಿನದೂ ಗುಪ್ತಪದಗಳನ್ನು ಆ ಶುದ್ಧ ಯಂತ್ರದಿಂದಲೇ ಬದಲಾಯಿಸಿದ. ಕೆಟ್ಟ ಯಂತ್ರದಲ್ಲಿ ಕೂತು ಹೊಸ ಗುಪ್ತಪದ ಬರೆದರೆ ಅದೂ ಕಳ್ಳನ ಕಣ್ಣ ಮುಂದೆಯೇ ಬರೆದಂತೆ. ಹಣವೇನಾದರೂ ಹೋಗಿದ್ದರೆ ತಡಮಾಡದೆ ದೂರು ಕೊಡಬೇಕು. ಅದಕ್ಕಾಗಿ ಈಗ ದೇಶಕ್ಕೆಲ್ಲ 1930 ಎಂಬ ಸಹಾಯವಾಣಿಯಿದೆ.

ಯಂತ್ರ ಸರಿಯಾಯಿತು. ಉಳಿದದ್ದು ಇನ್ನೊಂದು. ಹುಡುಗ ಕಾಫಿ ಲೋಟ ಹಿಡಿದು ಜಾಣತನದಿಂದ ಹಿತ್ತಿಲಿಗೆ ಹೋದ.

ಲೆಕ್ಕದ ಪುಸ್ತಕದಲ್ಲಿ ತಪ್ಪು ಬಿದ್ದರೆ ಅದನ್ನು ಕೆರೆದು ಅಳಿಸುವ ಹಾಗಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ರುಜು ಹಾಕಬೇಕು. ಇಪ್ಪತ್ತಾರು ವರ್ಷ ಹಾಗೆಯೇ ಮಾಡಿದವರು ಅವರು. ಕೊರಳಿನಿಂದ ಬೀರುವಿನ ಕೀಲಿಕೈ ಬಿಚ್ಚಿ ಮಗಳ ಮುಂದಿಟ್ಟರು.

"ತಪ್ಪು ನಂದು ಕಣಮ್ಮಾ. ಕಳ್ಳನ್ನ ಒಳಗೆ ಬಿಟ್ಟೋನು ನಾನು, ಬೈಸಿಕೊಂಡೋಳು ನೀನು. ಕೇಳದೇ ತೀರ್ಮಾನ ಮಾಡಿದೆ."

ಮಗಳು ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕೇಳಿದ್ರಿ ಅಪ್ಪಾ. ನಾನು ಹೇಳಿದ್ದನ್ನ ನಂಬಲಿಲ್ಲ" ಎಂದಳು. ಗುಮಾಸ್ತರು ತಲೆಯಾಡಿಸಿದರು. ಅದೂ ಸರಿಯಾದ ಲೆಕ್ಕವೇ. ಅವರು ಅದಕ್ಕೂ ರುಜು ಹಾಕಿದಂತಾಯಿತು. ಕೀಲಿಕೈಯನ್ನು ಅವಳು ಮುಟ್ಟಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿಕೊಂಡು ತನ್ನ ಮೇಜಿನ ಮೇಲಿಟ್ಟಳು. ಅಂದು ರಾತ್ರಿ ಅಂಗಳದಲ್ಲಿ ಒಂದೆರಡು ನಕ್ಷತ್ರಕಡ್ಡಿ ಹೊತ್ತಿದವು.

ಮನೆ ಮೊದಲಿನಂತಾಗಲು ಒಂದು ದಿನ ಸಾಲಲಿಲ್ಲ. ಮಾತು ಒಂದೊಂದಾಗಿ ಮರಳಿತು. ತಪ್ಪಿದ ಮಾದರಿ ಪರೀಕ್ಷೆಗಳನ್ನು ಅವಳು ಸ್ನೇಹಿತೆಯ ಪ್ರಶ್ನೆಪತ್ರಿಕೆ ತಂದು ಬರೆದಳು. ಗಡಿಯಾರ ಹಿಡಿದು ಕೂರುವ ಕೆಲಸ ಗುಮಾಸ್ತರದಾಯಿತು. ಗುಂಡಿ ಒತ್ತುವ ಮುನ್ನ ಇನ್ನೊಬ್ಬರನ್ನು ಕರೆಯಬೇಕು, ಕರೆಸಿಕೊಂಡವರು ಬೈಯಬಾರದು ಎಂದು ಹೆಂಡತಿ ಇಬ್ಬರಿಗೂ ಕಟ್ಟಳೆ ಹಾಕಿದರು. ಕಟ್ಟಳೆಯ ಎರಡನೆಯ ಭಾಗವೇ ಕಷ್ಟದ್ದು. ಬೈಗುಳಕ್ಕೆ ಹೆದರಿದ ಮಕ್ಕಳು ಕೆಂಪು ಪರದೆಯ ಮುಂದೆ ಒಂಟಿಯಾಗುತ್ತಾರೆ. ಮಕ್ಕಳು ನಗುತ್ತಾರೆಂದು ಹೆದರಿದ ತಂದೆಯೂ ಆ ರಾತ್ರಿ ಹಾಗೆಯೇ ಒಂಟಿಯಾಗಿದ್ದ.

ಕಾರ್ತಿಕ ಕಳೆದ ಮೇಲೆ ಒಂದು ಸಂಜೆ ಗುಮಾಸ್ತರು ಮಂಡಿಯಿಂದ ಬಂದು ಕಾಲು ತೊಳೆಯುತ್ತಿದ್ದರು. ಒಳಗಿನಿಂದ ಮಗಳ ಕೂಗು ಕೇಳಿತು:

"ಅಪ್ಪಾ, ಸ್ವಲ್ಪ ಬನ್ನಿ ಇಲ್ಲಿ. ಇದೇನೋ ಕೇಳ್ತಾ ಇದೆ."

ಒದ್ದೆ ಕಾಲಲ್ಲೇ ಒಳಗೆ ಹೋದರು. ಇಬ್ಬರೂ ಪಕ್ಕಪಕ್ಕ ಕುಳಿತು, ಸಣ್ಣ ಅಕ್ಷರಗಳನ್ನು ಬೆರಳಿಟ್ಟು ಓದತೊಡಗಿದರು.